ಎಡಕ್ಕೆ ಹೋಗುತ್ತಿದ್ದ ಗುಂಡು

ಹೋದ ತಿಂಗಳು ಅಟ್ಟ ಖಾಲಿ ಮಾಡುವಾಗ ನನ್ನ ಹಳೆಯ ಮಾನಿಟರ್ ಸಿಕ್ಕಿತು. ಈಗಿನ ಹಪ್ಪಳದಂಥ ಮಾನಿಟರ್ ಅಲ್ಲ. ಬೆನ್ನಿಗೆ ಗೂನು ಇದ್ದ, ಎತ್ತಿದವರ ಸೊಂಟ ಹಿಡಿಸುತ್ತಿದ್ದ ಡಬ್ಬಾ ಮಾನಿಟರ್. ಗುಜರಿ ಸಾಮಾನು ಕೊಳ್ಳುವ ಭಂಗಾರದ ಗಾಡಿಯವನು ಅದನ್ನು ಸುತ್ತಲೂ ನೋಡಿ, "ಇದನ್ನ ಪುಕ್ಕಟೆ ಕೊಟ್ರೂ ಒಯ್ಯಂಗಿಲ್ರಿ" ಎಂದು ಮುಂದೆ ಹೋದ. ನಾನು ಸುಮ್ಮನೆ ಕುತೂಹಲಕ್ಕೆ ವೈರು ಚುಚ್ಚಿದೆ. ಪರದೆ ಬೆಳ್ಳಗಾಯಿತು. ಕೈ ಹತ್ತಿರ ಒಯ್ದರೆ ಮುಂಗೈ ಕೂದಲೆಲ್ಲ ನೆಟ್ಟಗೆ ನಿಂತವು. ಸ್ವಲ್ಪ ಹೊತ್ತಿಗೆ ಬಿಸಿಯಾದ ಧೂಳಿನ ವಾಸನೆ ಬಂತು. ನೀವು ಆ ಕಾಲದವರಾಗಿದ್ದರೆ ಆ ವಾಸನೆಯನ್ನು ನಾನು ವಿವರಿಸಬೇಕಿಲ್ಲ. ಅಲ್ಲದಿದ್ದರೆ ಎಷ್ಟು ವಿವರಿಸಿದರೂ ಉಪಯೋಗವಿಲ್ಲ. ನನಗಂತೂ ಆ ವಾಸನೆಯ ಜೊತೆಗೆ, ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು ಪ್ಲಾಸ್ಟಿಕ್ ಬಂದೂಕು ಹಿಡಿದ ಮಾಣಿಕಪ್ಪ ಕಾಕಾ ಕಣ್ಣ ಮುಂದೆ ಬಂದರು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನಾನು ದಿನಾ ಬೆಳಿಗ್ಗೆ ಬಸವಕಲ್ಯಾಣದಿಂದ ಬಸ್ಸು ಹಿಡಿದು ಹುಮನಾಬಾದಿಗೆ ಬಂದು, ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಮಾಳಿಗೆಯ ಮೇಲಿನ ಒಂದು ಕೋಣೆಯಲ್ಲಿ ಕಂಪ್ಯೂಟರ್ ತರಬೇತಿ ಕೇಂದ್ರ ನಡೆಸುತ್ತಿದ್ದೆ. 'ನಡೆಸುತ್ತಿದ್ದೆ' ಎಂಬುದು ನನ್ನ ಮಾತು. ಇದ್ದ ನಾಲ್ಕು ಕಂಪ್ಯೂಟರುಗಳಲ್ಲಿ ಮೂರು ನಡೆಯುತ್ತಿದ್ದವು, ನಾಲ್ಕನೆಯದು ಅಮಾವಾಸ್ಯೆಗೋ ಹುಣ್ಣಿಮೆಗೋ ಏಳುತ್ತಿತ್ತು. ಬೆಳಿಗ್ಗೆ ಸಂಜೆ ಒಂದಿಷ್ಟು ವಿದ್ಯಾರ್ಥಿಗಳು ಬರುತ್ತಿದ್ದರು. ಮಧ್ಯಾಹ್ನ ಫ್ಯಾನು, ನಾನು ಮತ್ತು ಕೆಳಗಿನ ಅಂಗಡಿಯ ಖಲೀಲ್ ಭಾಯಿ.

ಖಲೀಲ್ ಭಾಯಿ ಟಿವಿ ರಿಪೇರಿಯವರು. ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸುವ ಆಟದ ಡಬ್ಬಿಗಳು ಬಂದಾಗ, ಚಿಟಗುಪ್ಪದಿಂದ ಘಾಟಬೋರಾಳದವರೆಗೆ ಕೆಟ್ಟ ಡಬ್ಬಿಗಳೆಲ್ಲ ಅವರ ಮೇಜಿಗೇ ಬರುತ್ತಿದ್ದವು. ಆ ಡಬ್ಬಿಯ ಜೊತೆ ಒಂದು ಪಿಸ್ತೂಲು ಕೊಡುತ್ತಿದ್ದರು, ಪರದೆಯ ಮೇಲೆ ಹಾರುವ ಹಕ್ಕಿಗಳನ್ನು ಹೊಡೆಯಲು. ಅದನ್ನು ಮೊದಲ ಸಲ ಬಿಚ್ಚಿ ನೋಡಿದ ದಿನವನ್ನು ಖಲೀಲ್ ಭಾಯಿ ಬೇರೆಯವರು ತಮ್ಮ ಮದುವೆಯ ದಿನವನ್ನು ನೆನೆಸುವಂತೆ ನೆನೆಸುತ್ತಿದ್ದರು.

"ಮಾಸ್ತರ್, ಅದರಾಗಿಂದ ಏನೂ ಹೊರಗ ಬರಂಗಿಲ್ಲ. ಟಿವಿ ಬೆಳಕು ಒಳಗ ಹೋಗ್ತದ. ಅದು ಬಂದೂಕಲ್ಲ, ಕಣ್ಣು. ಸಮಝೇ?"

ನಾನು ಬಿ.ಎಸ್ಸಿ. ಮಾಡಿದವನು. ಗೊತ್ತಿದ್ದವನಂತೆ ತಲೆಯಾಡಿಸಿದೆ.

ಆ ಖಲೀಲ್ ಭಾಯಿಯ ಭಾಮೈದ ಒಮ್ಮೆ ದುಬೈಯಿಂದ ಬರುವಾಗ ಕಂಪ್ಯೂಟರಿಗೆ ಜೋಡಿಸುವ ಅಂಥದೇ ಪಿಸ್ತೂಲು ತಂದುಕೊಟ್ಟ. ಹೈದರಾಬಾದಿನಂಥ ಊರುಗಳಲ್ಲಿ ಕಪಾಟಿನಷ್ಟು ಎತ್ತರದ ಆಟದ ಯಂತ್ರಗಳಿರುತ್ತಿದ್ದವಲ್ಲ, ನಾಣ್ಯ ಹಾಕಿ ಬಂದೂಕು ಹಿಡಿದು ಭೂತಗಳನ್ನು ಹೊಡೆಯುವಂಥವು, ಆ ಆಟಗಳನ್ನು ಕಂಪ್ಯೂಟರಿನಲ್ಲೇ ಆಡಿಸುವ ಎಮ್ಯುಲೇಟರ್ ಎಂಬ ಸಾಫ್ಟ್‌ವೇರ್ ನಾನು ಎಲ್ಲಿಂದಲೋ ಸಿ.ಡಿ.ಯಲ್ಲಿ ತಂದಿದ್ದೆ. ಅದನ್ನು ಹಾಕಿದರೆ ನನ್ನ ಬಡ ಕಂಪ್ಯೂಟರು ತಾನೇ ಆ ದೊಡ್ಡ ಯಂತ್ರ ಎಂದು ನಟಿಸುತ್ತಿತ್ತು, ಹಗಲುವೇಷದವನು ಫೌಜುದಾರನ ಟೋಪಿ ಹಾಕಿಕೊಂಡು ಅಂಗಡಿಯವರನ್ನು ಗದರಿಸಿದ ಹಾಗೆ. ನಟನೆ ಎಷ್ಟು ಪೂರ್ಣವೆಂದರೆ ಅದು ನಾಣ್ಯವನ್ನೂ ಕೇಳುತ್ತಿತ್ತು. ಕೀಬೋರ್ಡಿನ ಒಂದು ಗುಂಡಿ ಒತ್ತಿದರೆ ನಾಣ್ಯ ಬಿದ್ದ ಸದ್ದಾಗಿ ಸಮಾಧಾನವಾಗುತ್ತಿತ್ತು.

ಪಿಸ್ತೂಲಿನ ಬಿಗುಮಾನ ಮಾತ್ರ ಹೊಸ ಅಳಿಯನದು. ಕೋಣೆ ಕತ್ತಲಿರಬೇಕು, ಟ್ಯೂಬ್‌ಲೈಟ್ ಹಚ್ಚಿದರೆ ಮುನಿಸು. ಅದಕ್ಕೆ ಕಿಟಕಿಗೆ ಚಾದರು ಕಟ್ಟಿದೆವು. ಪರದೆಯ ಬೆಳಕು ಪೂರ್ತಿ ಏರಿಸಬೇಕು. ಇಷ್ಟಾದ ಮೇಲೆ ಕ್ಯಾಲಿಬ್ರೇಷನ್. ಪರದೆ ಬೆಳ್ಳಗಾಗುತ್ತದೆ, ನಡುವೆ ಒಂದು ಗುರುತು ಬರುತ್ತದೆ, ಅದಕ್ಕೆ ಹೊಡೆಯಬೇಕು. ಆಮೇಲೆ ಮೇಲಿನ ಎಡಮೂಲೆ, ಆಮೇಲೆ ಕೆಳಗಿನ ಬಲಮೂಲೆ. ಈ ಮೂರು ಪೆಟ್ಟು ನೋಡಿಕೊಂಡು, ಈ ಮನುಷ್ಯ ಎಲ್ಲಿಗೆ ಗುರಿಯಿಟ್ಟರೆ ಎಲ್ಲಿಗೆ ಬೀಳುತ್ತದೆ ಎಂದು ಕಂಪ್ಯೂಟರು ತಿಳಿದುಕೊಳ್ಳುತ್ತದೆ. ನಿಮ್ಮ ಕೈ ಸೊಟ್ಟಗಿದ್ದರೆ ಅದು ಅಷ್ಟೇ ಸೊಟ್ಟಗಾಗಿ ಎರಡನ್ನೂ ನೆಟ್ಟಗೆ ಮಾಡಿಬಿಡುತ್ತದೆ. ನನ್ನ ಗಣಿತದ ಮಾಸ್ತರರಿಗೆ ಇದರ ಕಾಲುಭಾಗ ಔದಾರ್ಯ ಇದ್ದಿದ್ದರೂ ನಾನು ಇವತ್ತು ಎಲ್ಲೋ ಇರುತ್ತಿದ್ದೆ.

ಹೀಗೆ ಒಂದು ಮಧ್ಯಾಹ್ನ ಭೂತಗಳ ಕಿರುಚಾಟ ಕೇಳಿ ಮೆಟ್ಟಿಲೇರಿ ಬಂದವರು ಮಾಣಿಕಪ್ಪ ಕಾಕಾ. ಮೂಲ ಹುಡಗಿ ಎಂಬ ಹಳ್ಳಿಯವರು. ಸೈನ್ಯದಲ್ಲಿದ್ದು ಬಂದು, ಹುಮನಾಬಾದಿನ ಒಂದು ಬ್ಯಾಂಕಿನ ಬಾಗಿಲಲ್ಲಿ ಜೋಡುನಳಿಗೆಯ ಬಂದೂಕು ಹಿಡಿದು ಕುಳಿತಿದ್ದರು. ಕುಳಿತು ಎಷ್ಟೋ ವರ್ಷವಾಗಿತ್ತು. ಅಷ್ಟು ವರ್ಷದಲ್ಲಿ ಒಂದು ಗುಂಡೂ ಹಾರಿಸಿರಲಿಲ್ಲ. ಅವರ ಮೀಸೆ ನೋಡಿಯೇ ಕಳ್ಳರು ಬೀದರಿನ ಕಡೆ ಹೋಗುತ್ತಾರೆ ಎಂದು ಜನ ಹೇಳುತ್ತಿದ್ದರು, ಕಾಕಾ ಅದನ್ನು ಅಲ್ಲಗಳೆಯುತ್ತಿರಲಿಲ್ಲ. ಸೈನ್ಯದಲ್ಲಿ ತಮ್ಮ ನಿಶಾನಿ ಎಂಥದಿತ್ತು ಎಂಬ ಕಥೆಗಳು ಅವರ ಬಳಿ ಬಹಳ ಇದ್ದವು. ಅವುಗಳಲ್ಲಿ ತೆಂಗಿನಕಾಯಿಯಿಂದ ಶುರುವಾದ ಗುರಿ ವರ್ಷ ಕಳೆದಂತೆ ನಿಂಬೆಹಣ್ಣಿಗೆ ಬಂದಿತ್ತು.

"ಏನ್ ಆಟ ಹಚ್ಚೀರಿ ಇದು?" ಎಂದರು. ನಾನು ವಿವರಿಸಿದೆ. ಸುಳ್ಳು ನಾಣ್ಯದ ಭಾಗ ಅವರಿಗೆ ಸೇರಲಿಲ್ಲ. "ಬ್ಯಾಂಕಿನವ್ರ ಮುಂದ ಖೋಟಾ ಧಂಧೆ ಮಾಡಬ್ಯಾಡ ತಮ್ಮಾ" ಎಂದರು. ಆದರೂ ಪಿಸ್ತೂಲು ಕೈಗೆ ತೆಗೆದುಕೊಂಡು, ತೂಗಿ ನೋಡಿ, ನಕ್ಕು, "ಇದು ಹಲ್ಲು ತಿಕ್ಕೂದು ಇದ್ದಂಗ ಅದ. ಭುಜಕ್ಕ ಆನಿಸಲಿಲ್ಲಂದ್ರ ಅದು ಬಂದೂಕು ಹ್ಯಾಂಗ ಆಗ್ತದ?" ಎಂದರು.

ಖಲೀಲ್ ಭಾಯಿಗೆ ಇಷ್ಟು ಸವಾಲು ಸಾಕು. ಎರಡು ದಿನದಲ್ಲಿ ಬಡಿಗನಿಂದ ಕಟ್ಟಿಗೆಯ ಹಿಡಿ ಮಾಡಿಸಿ, ಅದಕ್ಕೆ ಪೈಪು ಕೂಡಿಸಿ, ಪೈಪಿನ ತುದಿಗೆ ಪಿಸ್ತೂಲನ್ನು ಬಿಗಿದು, ಮುಂದೆ ಗುರಿ ನೋಡಲು ಒಂದು ಮೊಳೆ ಹೊಡೆದು, ಭುಜಕ್ಕೆ ಆನಿಸುವ ಬಂದೂಕು ತಯಾರು ಮಾಡಿದರು. ನೋಡಲು ನಲ್ಲಿಯ ರಿಪೇರಿಗೆ ಬಂದ ಸಾಮಾನಿನಂತೆ ಇತ್ತು. ಕಾಕಾ ಅದನ್ನು ಬಲಭುಜಕ್ಕೆ ಏರಿಸಿ, ಬೆನ್ನು ನೆಟ್ಟಗೆ ಮಾಡಿ ನಿಂತಾಗ ಮಾತ್ರ ನಾವಿಬ್ಬರೂ ತಿಳಿಯದೆಯೇ ಒಂದು ಹೆಜ್ಜೆ ಹಿಂದೆ ಸರಿದೆವು.

ಹೊಡೆದರು. ಭೂತಕ್ಕೆ ತಾಗಲಿಲ್ಲ. ಮತ್ತೆ ಹೊಡೆದರು. ಭೂತದ ಎಡಕ್ಕಿದ್ದ ಕಿಟಕಿಯ ಗಾಜು ಒಡೆಯಿತು. ಹತ್ತು ಗುಂಡಿನಲ್ಲಿ ಕಾಕಾ ಆ ಮನೆಯ ಗಾಜು, ದೀಪ, ಹೂಕುಂಡ ಎಲ್ಲ ಒಡೆದರು; ಭೂತ ಬಂದು ಅವರನ್ನು ತಿಂದಿತು.

"ಬಂದೂಕು ಸೊಟ್ಟ ಅದ" ಎಂದರು ಕಾಕಾ.

"ಕ್ಯಾಲಿಬ್ರೇಷನ್ ಮಾಡಬೇಕು ಕಾಕಾ" ಎಂದೆ ನಾನು.

"ಕಲಬುರ್ಗಿ ಟೇಸನ್ನಿಗೂ ಇದಕ್ಕೂ ಏನ್ ಸಂಬಂಧ?"

ಅಂದಿನಿಂದ ನಮ್ಮಲ್ಲಿ ಅದರ ಹೆಸರು ಕಲಬುರ್ಗಿ ಟೇಸನ್ ಎಂದೇ ಆಯಿತು. ಕಾಕಾರಿಂದ ಮೂರು ಗುರುತಿಗೂ ಹೊಡೆಸಿ, ಅವರ ಸೆಟ್ಟಿಂಗನ್ನು ಅವರ ಹೆಸರಿನಲ್ಲೇ ಉಳಿಸಿದೆವು. ಆಮೇಲೆ ಭೂತಗಳು ಸಾಯತೊಡಗಿದವು. ಕಾಕಾ ಮೀಸೆ ತಿರುವಿದರು. ಪ್ರತಿದಿನ ಊಟದ ಬಿಡುವಿನಲ್ಲಿ ಬರತೊಡಗಿದರು. ಬರೀ ಮೋಜಿಗಲ್ಲ ಎಂದು ಆಮೇಲೆ ತಿಳಿಯಿತು. ಕಾವಲುಗಾರರು ಬೀದರಿಗೆ ಹೋಗಿ, ಪೊಲೀಸರ ಎದುರು ಗುಂಡು ಹೊಡೆದು ತೋರಿಸುವ ಪರೀಕ್ಷೆಯೊಂದಿತ್ತು. ಅದು ಎರಡು ತಿಂಗಳಲ್ಲಿ ಬರುವುದಿತ್ತು. ಅದರಲ್ಲಿ ತಪ್ಪಿದರೆ ಮನೆಗೆ. ಕಾಕಾರಿಗೆ ನಿವೃತ್ತಿಗೆ ಇನ್ನೂ ಎರಡು ವರ್ಷವಿತ್ತು.

ವಿಚಿತ್ರವೆಂದರೆ ಸೆಟ್ಟಿಂಗ್ ಒಂದು ವಾರವೂ ನಿಲ್ಲುತ್ತಿರಲಿಲ್ಲ. ಸೋಮವಾರ ಸರಿಮಾಡಿದರೆ ಶುಕ್ರವಾರ ಮತ್ತೆ ಗುಂಡು ಎಡಕ್ಕೆ. ಇನ್ನಷ್ಟು ಸರಿಸಿದೆವು. ಮತ್ತೆ ಇನ್ನಷ್ಟು ಎಡಕ್ಕೆ. ನಾನು ಹೊಡೆದರೆ, ನನ್ನ ಸೆಟ್ಟಿಂಗಿನಲ್ಲಿ, ಅದೇ ಬಂದೂಕು ನೆಟ್ಟಗೆ. ಖಲೀಲ್ ಭಾಯಿ ಹೊಡೆದರೂ ನೆಟ್ಟಗೆ. ಇನ್ನೊಂದು ತೊಂದರೆ: ಪರದೆಯ ಎಡ ಅಂಚಿನಿಂದ ಬರುವ ಭೂತಗಳು ಕಾಕಾರಿಗೆ ಸಾಯುತ್ತಲೇ ಇರಲಿಲ್ಲ. ಆ ಆಟದಲ್ಲಿ ಪರದೆಯ ಹೊರಗೆ ಗುರಿಯಿಟ್ಟು ಹೊಡೆದರೆ ಬಂದೂಕಿಗೆ ಹೊಸ ಗುಂಡು ತುಂಬುತ್ತದೆ. ಎಡ ಅಂಚಿಗೆ ಕಾಕಾ ಗುರಿಯಿಟ್ಟರೆ ನಳಿಗೆ ಪರದೆಯನ್ನೇ ದಾಟಿ ಗೋಡೆಗೆ ಹೋಗುತ್ತಿತ್ತು. ಭೂತ ಹಲ್ಲು ಕಿಸಿದು ಬರುತ್ತಿದ್ದರೆ ಇವರು ಗುಂಡು ತುಂಬುತ್ತಲೇ ಇರುತ್ತಿದ್ದರು.

ನಾನು ಇದನ್ನೆಲ್ಲ ಸಾಫ್ಟ್‌ವೇರಿನ ದೋಷವೆಂದು ಒಂದು ನೋಟ್‌ಬುಕ್ಕಿನಲ್ಲಿ ಗಂಭೀರವಾಗಿ ಬರೆದಿಡುತ್ತಿದ್ದೆ. ಖಲೀಲ್ ಭಾಯಿ ಏನೂ ಬರೆಯಲಿಲ್ಲ. ಒಂದು ದಿನ ಕಾಕಾ ಹೊಡೆಯುವಾಗ ಪರದೆ ನೋಡದೆ, ಮಾನಿಟರಿನ ಪಕ್ಕಕ್ಕೆ ಹೋಗಿ ನಿಂತು ಕಾಕಾರ ಮುಖ ನೋಡಿದರು. ಕಾಕಾ ಹೋದ ಮೇಲೆ ನನ್ನನ್ನು ಕೇಳಿದರು:

"ಮಾಸ್ತರ್, ಬಂದೂಕು ಬಲಭುಜದಾಗ ಇಟ್ರ ಯಾವ ಕಣ್ಣು ಮುಚ್ಚಬೇಕು?"

"ಎಡಗಣ್ಣು."

"ಕಾಕಾ ಬಲಗಣ್ಣು ಮುಚ್ಚತಾರ. ಎಡಗಣ್ಣಿನಿಂದ ಗುರಿ ನೋಡಾಕ ದಿನದಿನಾ ಕುತ್ತಿಗಿ ಇನ್ನಷ್ಟು ಹೊರಳಸ್ತಾರ, ಅದಕ್ಕೇ ಗುಂಡು ಎಡಕ್ಕ."

ಮರುದಿನ ಖಲೀಲ್ ಭಾಯಿ ಒಂದು ಕರೀ ಬಟ್ಟೆ ತಂದಿದ್ದರು. ದೊಡ್ಡ ದೊಡ್ಡ ನಿಶಾನಿಗಾರರು ಎಡಗಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಹೊಡೆಯುತ್ತಾರೆ ಎಂದು ಹೊಗಳಿ, ಕಾಕಾರ ಎಡಗಣ್ಣಿಗೆ ಕಟ್ಟಿದರು. ನಾನು ಸೆಟ್ಟಿಂಗ್ ಶುರು ಮಾಡಿದೆ. ಎದುರಿಗೆ ಪರದೆ ಪೂರ್ತಿ ಬೆಳ್ಳಗೆ ಉರಿಯುತ್ತಿತ್ತು. ಚಾದರು ಕಟ್ಟಿದ ಕೋಣೆಯಲ್ಲಿ ನಮ್ಮ ಮೂವರ ಮುಖವೂ ಆ ಬೆಳಕಿನಲ್ಲಿ ಬೆಳಗುತ್ತಿತ್ತು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಕಾಕಾ ಬಂದೂಕು ಏರಿಸಿ ನಳಿಗೆಯನ್ನು ಆಚೀಚೆ ಸರಿಸಿದರು. ಆಮೇಲೆ ಕೇಳಿದರು:

"ಕರೆಂಟ್ ಹೋತೇನೋ ತಮ್ಮಾ?"

ನಾನು ಖಲೀಲ್ ಭಾಯಿಯನ್ನು ನೋಡಿದೆ. ಅವರು ನೆಲ ನೋಡಿದರು. ಕಾಕಾ ಸೈನಿಕರಲ್ಲವೇ, ಕೂಡಲೇ ತಿಳಿದುಕೊಂಡರು. ಬಟ್ಟೆಯನ್ನು ತಾವೇ ಬಿಚ್ಚಿ, ಪರದೆಯನ್ನು ನೋಡಿ, ತಿರುಗುವ ಫ್ಯಾನನ್ನು ನೋಡಿ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ವರ್ಷದ ಮ್ಯಾಲಾತು" ಎಂದರು. "ಮೊದಲು ಮಂಜು ಇತ್ತು. ಈಗ ಕಂಬಳಿ ಹೊಚ್ಚಿದಂಗ ಆಗ್ಯಾದ. ಬ್ಯಾಂಕಿನ್ಯಾಗ ತಿಳದ್ರ ಮನಿಗಿ ಕಳಸ್ತಾರ. ಯಾರಿಗೂ ಹೇಳಬ್ಯಾಡ್ರಿ."

ನಾನು ಕೂಡಲೇ "ಇಲ್ಲ ಕಾಕಾ, ಹೇಳಂಗಿಲ್ಲ" ಎಂದೆ. ಕಷ್ಟದ ಮಾತು ಬಂದಾಗ ಒಪ್ಪಿಕೊಂಡುಬಿಡುವುದು ನನ್ನ ಹುಟ್ಟುಗುಣ. ಅದನ್ನು ನಾನು ಬಹಳ ದಿನ ಒಳ್ಳೆಯತನ ಎಂದೇ ತಿಳಿದಿದ್ದೆ. ಕಾಕಾ ಧೈರ್ಯ ತಂದುಕೊಂಡು ಖಲೀಲ್ ಭಾಯಿಯ ಕಡೆ ತಿರುಗಿದರು.

"ಖಲೀಲಾ, ಇದಕ್ಕ ಮಾಡಿದಂಗ ಬ್ಯಾಂಕಿನ ಬಂದೂಕಿಗೂ ಒಂದು ಕಲಬುರ್ಗಿ ಟೇಸನ್ ಮಾಡಿಬಿಡು. ನಳಿಗಿ ತುದಿಗಿರೂ ಗುರಿಗುಬ್ಬಿ ಒಂದೀಟು ಬಗ್ಗಿಸಿದ್ರ ಸಾಕು. ಬೀದರ್ ಪರೀಕ್ಷಾ ಮುಗಿಲಿ."

ಅಲ್ಲಿಯವರೆಗೆ ಯಾವ ರಿಪೇರಿಗೂ ಇಲ್ಲ ಎನ್ನದ ಖಲೀಲ್ ಭಾಯಿ ಇಲ್ಲ ಎಂದರು.

"ಕಾಕಾ, ಅದರಾಗಿಂದ ಖರೇ ಗುಂಡು ಬರ್ತದ. ಎಡಕ್ಕ ಯಾರು ನಿಂತಿರ್ತಾರೋ ಅಲ್ಲಾಗೇ ಗೊತ್ತು. ನಿಮ್ಮ ಕಣ್ಣಿಗಿ ಬಂದೂಕು ಸೆಟ್ ಮಾಡಿ ನಾವು ಗುನ್ಹಾ ಮಾಡೀವಿ. ಇನ್ನ ಮಾಡಂಗಿಲ್ಲ."

ಕಾಕಾ ಸಿಟ್ಟಾಗಿ ಎದ್ದು ಹೋದರು. ಮೆಟ್ಟಿಲಲ್ಲಿ ಬಲಗಡೆಯ ಗೋಡೆಗೆ ಭುಜ ತಾಗಿಸಿಕೊಂಡೇ ಇಳಿದರು. ಅವರು ಯಾವಾಗಲೂ ಹಾಗೇ ಇಳಿಯುತ್ತಿದ್ದರು, ನಾನು ಅದನ್ನು ಗತ್ತು ಎಂದುಕೊಂಡಿದ್ದೆ.

ಮರುದಿನ ಮಧ್ಯಾಹ್ನ ಮೆಟ್ಟಿಲು ಸದ್ದಾಯಿತು. ಬಂದವರು ಕಾಕಾ ಅಲ್ಲ. ಅವರ ಹೆಂಡತಿ ಕಾಶಮ್ಮ ಕಾಕಿ. ಅವರ ಹಿಂದೆ, ಶಾಲೆಗೆ ಎಳೆದು ತಂದ ಮಗುವಿನಂತೆ, ಸಮವಸ್ತ್ರದಲ್ಲಿ ಕಾಕಾ. ಖಲೀಲ್ ಭಾಯಿ ಬೆಳಿಗ್ಗೆಯೇ ಅವರ ಮನೆಗೆ ಹೋಗಿ ಎಲ್ಲ ಹೇಳಿ ಬಂದಿದ್ದರು.

"ನನಗ ಗೊತ್ತಿಲ್ಲಂತ ತಿಳದೀರೇನು?" ಎಂದರು ಕಾಕಿ, ಯಾರ ಕಡೆಯೂ ನೋಡದೆ ಎಲ್ಲರಿಗೂ ಸೇರಿಸಿ. "ಚಹಾ ಬಸಿಯಾಗ ಹಾಕ್ಕೊಳ್ಳಾಕ ಹೋಗಿ ಧೋತರದಾಗ ಹಾಕ್ಕೊಂತಾರ. ಬದ್ನೀಕಾಯಿ ತಂದ್ರ ಅರ್ಧ ಹುಳಕ. ಕೇಳಿದ್ರ, ಬದ್ನೀಕಾಯಿ ಮಾರಾಂವ ಮೋಸ ಮಾಡ್ಯಾನಂತ. ಚಹಾನೂ ಮೋಸ ಮಾಡ್ತದೇನು?"

ಆಮೇಲೆ ಅವರ ಕಣ್ಣು ಬಂದೂಕಿನ ಮೇಲೆ ಬಿತ್ತು. "ಇದೇ ಏನು ಅದು?" ಎಂದು ತೆಗೆದುಕೊಂಡರು. ಖಲೀಲ್ ಭಾಯಿ ಹೆದರಿಕೆಯಿಂದಲೋ ಗೌರವದಿಂದಲೋ ಹೊಸ ಸೆಟ್ಟಿಂಗ್ ಹಾಕಿ ಕೊಟ್ಟರು. ಮೂರು ಗುರುತು, ಮೂರು ಪೆಟ್ಟು. ಆಟ ಶುರುವಾಯಿತು. ನಾನು ಆ ಆಟದ ಎರಡನೆಯ ಹಂತವನ್ನು ದಾಟಿರಲಿಲ್ಲ. ಕಾಕಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಿಂತಲ್ಲೇ ನಾಲ್ಕನೆಯ ಹಂತಕ್ಕೆ ಹೋದರು. ಮಾಳಿಗೆಯ ಮೇಲೆ ಒಣಗಲು ಹಾಕಿದ ತೊಗರಿಯನ್ನು ಮಂಗಗಳಿಂದ ಕಾಯ್ದ ಕೈ ಅದು. ಅವರಿಗೆ ಭೂತವೂ ಒಂದೇ, ಮಂಗವೂ ಒಂದೇ. ಕಾಕಾ ಹಿಂದೆ ನಿಂತು, ಉಳಿದ ಒಂದು ಕಣ್ಣನ್ನು ಅರಳಿಸಿ ನೋಡುತ್ತಿದ್ದರು.

"ನಾಳೆ ಕಲ್ಯಾಣಕ್ಕ ಹೋಗೂದು" ಎಂದು ಬಂದೂಕು ಕೆಳಗಿಟ್ಟರು ಕಾಕಿ. ಚರ್ಚೆ ಮುಗಿಯಿತು.

ಬಸವಕಲ್ಯಾಣಕ್ಕೆ ವಾರದಲ್ಲಿ ಎರಡು ದಿನ ಒಬ್ಬ ಕಣ್ಣಿನ ಡಾಕ್ಟರು ಬರುತ್ತಿದ್ದರು. ನಾನೇ ಇಬ್ಬರನ್ನೂ ಕರೆದುಕೊಂಡು ಹೋದೆ. ಬಸ್ಸಿನಲ್ಲಿ ಕಾಕಾ ಇಡೀ ದಾರಿ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದರು. ತಮ್ಮ ಕಣ್ಣು ಹೋಗಿಯೇ ಬಿಟ್ಟಿದೆ ಎಂದು ಅವರು ಗಟ್ಟಿ ಮಾಡಿಕೊಂಡಿದ್ದರು. ಅದಕ್ಕೇ ವರ್ಷವಿಡೀ ಡಾಕ್ಟರ ಬಳಿ ಹೋಗಿರಲಿಲ್ಲವೆಂದು, ಡಾಕ್ಟರ ಬಾಯಿಂದ ಕೇಳುವವರೆಗೆ ಕಣ್ಣು ಹೋಗಿಲ್ಲ ಎಂದಾದರೂ ಅಂದುಕೊಳ್ಳಬಹುದಲ್ಲ ಎಂದು, ಇಳಿಯುವಾಗ ಮೆಲ್ಲಗೆ ನನ್ನೊಬ್ಬನಿಗೇ ಹೇಳಿದರು.

ಡಾಕ್ಟರು ಬ್ಯಾಟರಿ ಬಿಟ್ಟು ನೋಡಿದರು. "ಮೋತಿಬಿಂದು, ಕಣ್ಣಿನ ಪೊರಿ. ಪೂರಾ ಹಣ್ಣಾಗ್ಯಾದ. ಎಡಗಣ್ಣಿಗೂ ಒಂದೀಟು ಸುರು ಆಗ್ಯಾದ. ಬಲಗಣ್ಣಿಂದು ತೆಗದ್ರ ಕಾಣಸ್ತದ. ಇಷ್ಟು ದಿನ ಏನ್ ಮಾಡಾಕತ್ತಿದ್ರಿ ಕಾಕಾ?"

"ಭೂತ ಹೊಡಿಯಾಕತ್ತಿದ್ದೆ" ಎಂದರು ಕಾಕಾ. ಡಾಕ್ಟರು ನನ್ನ ಕಡೆ ನೋಡಿದರು. ಬೇರೆ ಯಾವ ಡಾಕ್ಟರಿಗೆ ತೋರಿಸಬೇಕೆಂದು ಯೋಚಿಸುತ್ತಿರಬೇಕು.

ಆಪರೇಷನ್ ಆಯಿತು. ಕಾಕಾ ಕಾಕಿ ಮೂರು ದಿನ ನಮ್ಮ ಮನೆಯಲ್ಲೇ ಇದ್ದರು. ಪಟ್ಟಿ ಬಿಚ್ಚಿದಾಗ ಕಾಕಿ ಎದುರಿಗೇ ನಿಂತಿದ್ದರು. ಕಾಕಾ ಬಹಳ ಹೊತ್ತು ನೋಡಿದರು.

"ಈ ಸೀರಿ ನೀಲಿ ಏನು? ನಾ ಹಸರ ಅಂತ ತಿಳದಿದ್ದೆ."

"ತಂದಾಗಿಂದ ನೀಲೀನೇ ಅದ" ಎಂದರು ಕಾಕಿ, ಮತ್ತು ಒಳಗೆ ನೀರು ತರುವ ನೆಪದಲ್ಲಿ ಹೋಗಿ ಸ್ವಲ್ಪ ತಡಮಾಡಿ ಬಂದರು.

ತಿಂಗಳ ಮೇಲೆ, ಡಾಕ್ಟರು ಅಪ್ಪಣೆ ಕೊಟ್ಟ ಬಳಿಕ, ಕಾಕಾ ಹೊಸ ಕನ್ನಡಕ ಹಾಕಿಕೊಂಡು ನಮ್ಮ ಕೇಂದ್ರದ ಮೆಟ್ಟಿಲೇರಿದರು. ಗೋಡೆ ಹಿಡಿಯದೆ, ಮೆಟ್ಟಿಲ ನಡುವಿನಲ್ಲೇ ಏರಿದರು. ಬಂದೂಕು ಹಿಡಿದು, ಎಡಗಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಹೊಡೆದರು. ಬಲಕ್ಕೆ ಹೋಯಿತು. ಮತ್ತೆ ಹೊಡೆದರು, ಮತ್ತೆ ಬಲಕ್ಕೆ. ಐದಾರು ಹೊಡೆದು ಸ್ಟೂಲಿನ ಮೇಲೆ ಕುಸಿದರು. "ಮುಗೀತು. ಆಪರೇಷನ್ ಹಾಳಾತು" ಎಂದರು. ನಾನು ನೀರು ಕೊಟ್ಟೆ. ಖಲೀಲ್ ಭಾಯಿ ಪರದೆಯ ಮೂಲೆ ನೋಡಿ ಹಣೆ ಬಡಿದುಕೊಂಡರು. ಹಳೆಯ, ಕುರುಡು ಕಣ್ಣಿನ ಸೆಟ್ಟಿಂಗ್ ಹಾಗೇ ಇತ್ತು! ಕಂಪ್ಯೂಟರು ಪಾಪ, ಕಾಕಾ ಈಗಲೂ ಎಡಕ್ಕೇ ಹೊಡೆಯುತ್ತಾರೆ ಎಂದು ನಂಬಿ, ನಿಷ್ಠೆಯಿಂದ ಬಲಕ್ಕೆ ಎಳೆಯುತ್ತಿತ್ತು. ಖಲೀಲ್ ಭಾಯಿ ಅದನ್ನು ಅಳಿಸಿ, ಹೊಸದಾಗಿ ಮೂರು ಗುರುತು ಹೊಡೆಸಿದರು. ಆಮೇಲೆ ಎಡ ಅಂಚಿನಿಂದ ಬಂದ ಮೊದಲ ಭೂತ ಬಾಗಿಲಲ್ಲೇ ಬಿತ್ತು.

ಬೀದರಿನ ಪರೀಕ್ಷೆಗೆ ನಾವು ಹೋಗಲಿಲ್ಲ. ಅಲ್ಲಿ ಆದದ್ದನ್ನು ಕಾಕಾರ ಜೊತೆಗಿದ್ದ ಇನ್ನೊಬ್ಬ ಕಾವಲುಗಾರರಿಂದ ಕೇಳಿದೆವು. ಕಾಕಾರ ಎರಡು ಗುಂಡೂ ಹಲಗೆಯ ನಡುವಿಗೇ ಬಿದ್ದವಂತೆ. ಎಲ್ಲರೂ ಶಹಬ್ಬಾಸ್ ಎನ್ನುವಷ್ಟರಲ್ಲಿ, ಕಾಕಾ ಖಾಲಿ ಬಂದೂಕನ್ನು ಸರ್ರನೆ ಎಡಕ್ಕೆ ತಿರುಗಿಸಿ, ಅಲ್ಲಿ ನಿಂತಿದ್ದ ಅಧಿಕಾರಿಯ ಕಡೆಗೆ ಟ್ರಿಗರ್ ಎಳೆದರಂತೆ. ಅಧಿಕಾರಿ ಇಸ್ತ್ರಿ ಮಾಡಿದ ಬಟ್ಟೆಯಲ್ಲೇ ನೆಲಕ್ಕೆ ಬಿದ್ದರು.

"ಏನ್ ಮಾಡಾಕತ್ತೀರಿ?" ಎಂದು ಮಲಗಿದಲ್ಲಿಂದಲೇ ಚೀರಿದರಂತೆ.

"ಗುಂಡು ತುಂಬಾಕತ್ತೇನ್ರಿ ಸಾಹೇಬ್ರ" ಎಂದರಂತೆ ಕಾಕಾ.

ನಿಶಾನಿಗೆ ಪೂರ್ತಿ ಅಂಕ, ಶಿಸ್ತಿಗೆ ಒಂದು ಗಂಟೆಯ ಬೈಗುಳ. ಅಂತೂ ಪಾಸು. ಇನ್ನೆರಡು ವರ್ಷ ಬ್ಯಾಂಕಿನ ಬಾಗಿಲಲ್ಲಿ ಕುಳಿತು, ಒಂದೂ ಗುಂಡು ಹಾರಿಸದೆ, ಹಾರ ಹಾಕಿಸಿಕೊಂಡು ನಿವೃತ್ತರಾದರು. ಅಷ್ಟರಲ್ಲಿ ಚಪ್ಪಟೆ ಪರದೆಗಳು ಬಂದವು. ಆ ಬಂದೂಕಿಗೆ ಅವುಗಳ ಬೆಳಕು ಅರ್ಥವಾಗುತ್ತಿರಲಿಲ್ಲ. ಖಲೀಲ್ ಭಾಯಿ ಮೊಬೈಲ್ ರಿಪೇರಿಗೆ ಹೊರಳಿದರು, ನಾನು ಕೇಂದ್ರ ಮುಚ್ಚಿ ಶಾಲೆಗೆ ಸೇರಿದೆ.

ಹೋದ ತಿಂಗಳು ಆ ಹಳೆಯ ಮಾನಿಟರ್ ಆರಿಸಿ ಎದ್ದಾಗ ನನ್ನ ಹೆಂಡತಿ ಎದುರು ನಿಂತು ಏನೋ ಕೇಳಿದಳು. ನಾನು "ಹೂಂ" ಎಂದೆ. "ಸುಸಲಾ ಮಾಡ್ಲೋ ಉಪ್ಪಿಟ್ಟು ಮಾಡ್ಲೋ ಅಂತ ಕೇಳಿದ್ರ ಹೂಂ ಅಂದ್ರ ಏನ್ ತಿಳಕೋಬೇಕು?" ಎಂದಳು. ಎರಡು ವರ್ಷದಿಂದ ನಮ್ಮ ಮನೆಯ ಟಿವಿ ನಾಲ್ಕು ಮನೆಗೆ ಕೇಳಿಸುತ್ತಿದೆಯಂತೆ. ಈ ಹೊಸ ಟಿವಿಗಳ ಸ್ಪೀಕರು ಸರಿಯಿಲ್ಲ, ಈಗಿನ ಮಕ್ಕಳು ತರಗತಿಯಲ್ಲಿ ಬಾಯೊಳಗೇ ಮಾತಾಡುತ್ತಾರೆ, ಎಂದು ನಾನು ಹೇಳುತ್ತ ಬಂದಿದ್ದೆ. ಬೇರೆ ಸ್ಪೀಕರು ಕೂಡ ತಂದು ಹಚ್ಚಿದ್ದೆ. ಆವತ್ತು ಮಾತ್ರ ಸ್ಪೀಕರಿನ ದೂರು ಬಿಟ್ಟು, ಭಾನುವಾರ ಅವಳ ಜೊತೆ ಕಿವಿಯ ಪರೀಕ್ಷೆಗೆ ಬೀದರಿಗೆ ಹೋದೆ.

ಅಲ್ಲಿ ಒಂದು ಗಾಜಿನ ಗೂಡಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟು, "ಸದ್ದು ಕೇಳಿಸಿದಾಗ ಒತ್ರಿ" ಎಂದು ಸನ್ನೆಯೊಡನೆ ಹೇಳಿ ಪರೀಕ್ಷೆ ಮಾಡುವ ಹುಡುಗಿ ಹೊರಗೆ ಹೋದಳು. ಹೆಂಡತಿ ಗಾಜಿನಾಚೆಯಿಂದ ನೋಡುತ್ತಿದ್ದಳು. ನಾನು ಚುರುಕಾಗಿ ಒತ್ತಿದೆ. ಮತ್ತೊಮ್ಮೆ ಒತ್ತಿದೆ. ಎಡೆಬಿಡದೆ ಏಳೆಂಟು ಸಲ ಒತ್ತಿದೆ. ಹುಡುಗಿ ಬಾಗಿಲು ತೆರೆದು ಬಂದು, ನನ್ನ ಕಿವಿಯ ಹೆಡ್‌ಫೋನು ಸರಿಸಿ ಗಟ್ಟಿಯಾಗಿ ಹೇಳಿದಳು:

"ಸರ್, ನಾ ಇನ್ನೂ ಮಷೀನ್ ಚಾಲೂ ಮಾಡಿಲ್ರಿ."

ಗಾಜಿನಾಚೆ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಎರಡನೆಯ ಸಲ ನಾನು ಬೆರಳನ್ನು ಗುಂಡಿಯ ಮೇಲೆ ಇಟ್ಟು ಕಣ್ಣು ಮುಚ್ಚಿ ಕುಳಿತೆ. ಕೇಳಿಸಿದಾಗ ಮಾತ್ರ ಒತ್ತಿದೆ. ಬಹಳ ಸಲವೇನೂ ಒತ್ತಲಿಲ್ಲ.